ಎಲೆಯೊಳಗೆ ಬೆಂದ ಮೀನು

ನಮ್ಮ ದಾಂಡೇಲಿಗೆ ಸಮುದ್ರವಿಲ್ಲ. ಸಮುದ್ರದ ಮೀನಿಗೇನೂ ಕೊರತೆಯಿಲ್ಲ. ಕಾರವಾರದಿಂದ ಕದ್ರಾ, ಅಣಶಿ ಘಟ್ಟ, ಜೊಯಿಡಾಗಳನ್ನು ದಾಟಿ ಬಂದ ಬಂಗಡೆಗೆ ರವೆ ಹಚ್ಚಿ, ಬಾಣಲೆ ತುಂಬ ಎಣ್ಣೆಯಲ್ಲಿ ಕರಿದು ತಿನ್ನುವುದು ನಮ್ಮ ಮನೆಯ ಭಾನುವಾರದ ವಾಡಿಕೆಯಾಗಿತ್ತು. ಎರಡು ವರ್ಷಗಳ ಹಿಂದೆ ನನಗೆ ಎದೆನೋವು ಬಂದಾಗ ವೈದ್ಯರು, "ಮೀನು ತಿನ್ನಿರಿ, ಕರಿದದ್ದು ಬೇಡ" ಎಂದರು. ಕರಿಯದ ಬಂಗಡೆಗೆ ರುಚಿ ಎಲ್ಲಿಂದ ಬರಬೇಕು?

ಆ ದಿನಗಳಲ್ಲಿ ಬೆಂಗಳೂರಿನಿಂದ ಬಂದ ಸೋದರಳಿಯ, "ಮಾಮಾ, ಇಟಲಿ, ಗ್ರೀಸಿನ ಕಡೆ ಮೀನಿಗೆ ಆಲಿವ್ ಎಣ್ಣೆ, ನಿಂಬೆ ಸೇರಿಸಿ, ಕಾಗದದಲ್ಲಿ ಸುತ್ತಿ ಓವನ್ನಿನಲ್ಲಿ ಬೇಯಿಸುತ್ತಾರೆ. ಜೊತೆಗೆ ಒಂದು ಲೋಟ ವೈನ್" ಎಂದ. ಒಳಗಿನಿಂದ ನನ್ನಾಕೆ, "ಕಾಗದವೇಕೆ? ಹಿತ್ತಲಲ್ಲಿ ಬಾಳೆ ಇಲ್ಲವೇ?" ಎಂದಳು. ಅವಳ ತವರು ಕಾರವಾರ.

ಕ್ರಮವೇನೋ ಒಂದೇ. ಮೀನಿನ ಮಾಂಸ ಕುರಿ ಮಾಂಸದಂತೆ ಬಿಗಿಯಾದುದಲ್ಲ. ಅರವತ್ತು ಡಿಗ್ರಿಯ ಸುಮಾರಿಗೆ ಗಟ್ಟಿಯಾಗಿ ಬಿಳುಪಾಗುತ್ತದೆ. ಹೆಚ್ಚು ಕಾಯಿಸಿದರೆ ನೀರು ಬಿಟ್ಟು ನಾರಾಗುತ್ತದೆ. ಎಲೆಯ ಪೊಟ್ಟಣದಲ್ಲಿ ಅದು ತನ್ನ ಹಬೆಯಲ್ಲೇ ಬೇಯುತ್ತದೆ. ಬಂಗಡೆಯಲ್ಲಿ ಸ್ವಂತ ಕೊಬ್ಬು ಬೇಕಾದಷ್ಟಿದೆ. ಹೃದಯಕ್ಕೆ ಹಿತವೆನ್ನುವ ಒಮೇಗಾ-3 ಇರುವುದು ಅದರಲ್ಲೇ. ಒಂದು ಚಮಚ ಕೊಬ್ಬರಿ ಎಣ್ಣೆ ಸಾಕು.

ನಾಲ್ಕು ಬಂಗಡೆಗಳನ್ನು ಶುಚಿಮಾಡಿ, ಇಕ್ಕೆಲದಲ್ಲಿ ಮೂರು ಮೂರು ಗೀರು ಹಾಕಿರಿ. ಬ್ಯಾಡಗಿ ಮೆಣಸಿನಕಾಯಿ ಆರು, ಬೆಳ್ಳುಳ್ಳಿ, ಶುಂಠಿ, ಅರಿಶಿನ, ನೆನೆಸಿದ ಮುರುಗಲ ಸಿಪ್ಪೆ ಐದಾರು ಸೇರಿಸಿ ನುಣ್ಣಗೆ ಅರೆಯಿರಿ. ಕಾರವಾರದವರು ತೆಪ್ಪಲವೆನ್ನುವ ಜುಮ್ಮನಕಾಯಿ ನಾಲ್ಕನ್ನು ಬೀಜ ತೆಗೆದು, ಜಜ್ಜಿ ಹಾಕಿರಿ, ಅದನ್ನು ಅರೆಯಬಾರದು. ಮುರುಗಲ ಸಿಪ್ಪೆಯನ್ನು ಉಪ್ಪು ಹಾಕಿ ಒಣಗಿಸುವುದುಂಟು, ಆದುದರಿಂದ ರುಚಿ ನೋಡಿಯೇ ಬೇರೆ ಉಪ್ಪು ಹಾಕಬೇಕು. ರಕ್ತದೊತ್ತಡದವರಂತೂ ಇದನ್ನು ಮರೆಯಬಾರದು. ಮಸಾಲೆ ಹಚ್ಚಿದ ಮೀನನ್ನು, ಬೆಂಕಿಗೆ ಹಿಡಿದು ಬಾಡಿಸಿದ ಎಲೆಯಲ್ಲಿ ಎರಡು ಸುತ್ತು ಸುತ್ತಿ ಬಾಳೆನಾರಿನಿಂದ ಕಟ್ಟಿ, ಕಾದ ಕಾವಲಿಯ ಮೇಲಿಟ್ಟು ಮುಚ್ಚಿರಿ. ಸಣ್ಣ ಉರಿಯಲ್ಲಿ ಮಗ್ಗುಲಿಗೆ ಏಳೆಂಟು ನಿಮಿಷ. ಓವನ್ ಇದ್ದವರು ಇನ್ನೂರು ಡಿಗ್ರಿಯಲ್ಲಿ ಇಪ್ಪತ್ತು ನಿಮಿಷ ಇಡಬಹುದು. ಮುಳ್ಳಿನಿಂದ ಮಾಂಸ ತಾನಾಗಿ ಬಿಟ್ಟರೆ ಬೆಂದಿತೆಂದು ತಿಳಿಯಿರಿ.

ಕೊಳ್ಳುವಾಗಿನ ಎಚ್ಚರ ಅಡಿಗೆಗಿಂತ ದೊಡ್ಡದು. ಘಟ್ಟದ ದಾರಿಯಲ್ಲಿ ಮಂಜುಗಡ್ಡೆ ಕರಗಿ ಮೀನು ಬೆಚ್ಚಗಾದರೆ, ಸೂಕ್ಷ್ಮಜೀವಿಗಳು ಬಂಗಡೆಯಲ್ಲಿ ಹಿಸ್ಟಮಿನ್ ಎಂಬ ಪದಾರ್ಥವನ್ನು ಹುಟ್ಟಿಸುತ್ತವೆ. ತಿಂದವರಿಗೆ ಮುಖ ಕೆಂಪಾಗಿ, ತುರಿಕೆ, ತಲೆನೋವು, ವಾಂತಿ. ಎಷ್ಟು ಬೇಯಿಸಿದರೂ ಇದು ಹೋಗದು. ಕಿವಿರು ಕೆಂಪಗಿರಬೇಕು, ಕಣ್ಣು ತಿಳಿಯಾಗಿರಬೇಕು, ಒತ್ತಿದ ಬೆರಳಿನ ಗುಳಿ ನಿಲ್ಲಬಾರದು. ಸಂಶಯ ಬಂದರೆ ಬರಿಗೈಯಲ್ಲಿ ಮನೆಗೆ ಬನ್ನಿ.

ಇನ್ನು ವೈನ್. ಕನ್ನಡದಲ್ಲಿ ಇದನ್ನು ದ್ರಾಕ್ಷಾರಸವೆನ್ನುವ ರೂಢಿಯಿದೆ. ಹಿಂಡಿದ ರಸವೋ ಹುಳಿಸಿದ್ದೋ ಆ ಮಾತಿನಿಂದ ತಿಳಿಯದು. ಆಸವವೆಂದರೆ ಗೊಂದಲವಿರದು. ಊಟದಲ್ಲಿ ಅದರ ಕೆಲಸ ತನ್ನ ಹುಳಿಯಿಂದ ಮೀನಿನ ಜಿಡ್ಡನ್ನು ನಾಲಗೆಯಿಂದ ತೊಳೆಯುವುದು. ಸ್ವಲ್ಪ ವೈನ್ ಹೃದಯಕ್ಕೆ ಒಳ್ಳೆಯದೆಂಬ ಮಾತು ಬಹುಕಾಲ ನಡೆಯಿತು. ಆದರೆ ಮದ್ಯದಲ್ಲಿ ನಿರಪಾಯವೆನ್ನುವ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿತು. ಅಳಿಯನಿಗೆ ಇದನ್ನು ತಿಳಿಸಿ, ಸೋಲಕಡಿಯ ಲೋಟ ಕೊಟ್ಟೆವು: ಮುರುಗಲ ನೀರು, ತೆಳ್ಳನೆಯ ತೆಂಗಿನ ಹಾಲು, ಒಂದೆಸಳು ಬೆಳ್ಳುಳ್ಳಿ, ಕೊತ್ತಂಬರಿ. ಜಿಡ್ಡು ತೊಳೆಯುವುದರಲ್ಲಿ ಅದೇನೂ ಹಿಂದಲ್ಲ. ತೆಂಗಿನ ಕೊಬ್ಬೂ ಬೇಡವೆಂಬ ನನ್ನಂಥವರಿಗೆ ಬರಿಯ ಮುರುಗಲ ನೀರು, ಜೀರಿಗೆ.

ಜೊತೆಗೆ ಅನ್ನದ ಬದಲು ಜೊಯಿಡಾದ ಕುಣಬಿಯರು ಬೆಳೆಯುವ ಗೆಡ್ಡೆಗಳನ್ನು ಬೇಯಿಸಿಡಬಹುದು. ಕೆಸುವಿನ ಗೆಡ್ಡೆಯಾದರೆ ಚೆನ್ನಾಗಿ ಬೇಯಲಿ, ಇಲ್ಲದಿದ್ದರೆ ಗಂಟಲು ತುರಿಸುತ್ತದೆ. ಜೂನ್, ಜುಲೈಗಳಲ್ಲಿ ಯಾಂತ್ರಿಕ ದೋಣಿಗಳಿಗೆ ಕಡಲು ನಿಷಿದ್ಧ. ಆಗ ಹಳಿಯಾಳ, ಮುಂಡಗೋಡದವರಿಗೆ ಕೆರೆಯ ಕಾಟ್ಲಾ, ರೋಹು ಇವೆಯಷ್ಟೆ. ಅವುಗಳ ತುಂಡು ದಪ್ಪ. ಮಗ್ಗುಲಿಗೆ ಮೂರು ನಾಲ್ಕು ನಿಮಿಷ ಹೆಚ್ಚಿಗೆ ಕಾಯಬೇಕು.