ಹಿಮ ತಳ್ಳುವ ಲಾರಿಯ ಠರಾವು

'ಅಪ್ಪ, ಅಲ್ಲಿ ಅಪ್ಪಿತಪ್ಪಿ ಕೈ ಎತ್ತಿಬಿಡಬೇಡ, ನಮಗೆ ವೋಟಿಲ್ಲ' ಎಂದು ಮಗಳು ಕಾರಿನಲ್ಲೇ ಎಚ್ಚರಿಸಿದ್ದಳು. ಮಾರ್ಚ್ ತಿಂಗಳ ಮೊದಲ ಮಂಗಳವಾರ. ಅಮೆರಿಕದ ವರ್ಮಾಂಟ್ ರಾಜ್ಯದ ಊರೂರಲ್ಲೂ ಅದು 'ಟೌನ್ ಮೀಟಿಂಗ್' ದಿನ. ಶಾಲೆಯ ಜಿಮ್ಮಿನಲ್ಲಿ, ಬಾಸ್ಕೆಟ್‌ಬಾಲ್ ಬುಟ್ಟಿಯ ಕೆಳಗೆ, ಮತವಿಲ್ಲದವರಿಗೆಂದು ಬೇರೆ ಸಾಲು. ನಾನು, ಮಗಳು, ಅಳಿಯ, ಜೊತೆಗೆ ಪತ್ರಿಕೆಯವನೊಬ್ಬ.

ಮಲೆನಾಡಿನ ಪಂಚಾಯಿತಿಗಳಲ್ಲಿ 31 ವರ್ಷ ಕಾರ್ಯದರ್ಶಿಯಾಗಿದ್ದವನು ನಾನು. ಕೋರಂ ಆಗದೆ, ನಡಾವಳಿ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಮನೆಮನೆಗೆ ಹೋಗಿ ಸಹಿ ಹಾಕಿಸಿದ್ದೂ ಉಂಟು. ಪಿಂಚಣಿ ಶುರುವಾದ ಮೇಲೆ ಇದನ್ನೆಲ್ಲ ಹೇಳಿಕೊಳ್ಳುವ ಧೈರ್ಯ ಬಂದಿದೆ.

ಇಲ್ಲಿ ಸಭೆಗೆ ಬಂದ ಮತದಾರರೇ ಶಾಸಕರು. ಆಯ್ಕೆಯಾದ 'ಸೆಲೆಕ್ಟ್‌ಬೋರ್ಡ್' ಸದಸ್ಯರು ಮೂವರೋ ಐವರೋ ಇರುತ್ತಾರೆ, ಆದರೆ ಊರಿನ ಬಜೆಟ್ಟಿಗೆ ಹೂಂ ಅನ್ನಬೇಕಾದ್ದು ಜನ. ಕನಿಷ್ಠ 30 ದಿನ ಮೊದಲೇ ವಿಷಯಪಟ್ಟಿ ಅಂಟಿಸಬೇಕು. ಪಟ್ಟಿಯಲ್ಲಿಲ್ಲದ ವಿಷಯಕ್ಕೆ ಠರಾವಿಲ್ಲ. ಮೊದಲ ಕೆಲಸ, ಸಭೆ ನಡೆಸುವ 'ಮಾಡರೇಟರ್' ಆಯ್ಕೆ. ಅಧ್ಯಕ್ಷರ ಕುರ್ಚಿಯನ್ನೂ ಪ್ರತಿವರ್ಷ ಕೇಳಿಯೇ ಪಡೆಯಬೇಕು!

ಅವತ್ತು ಜಗಳವೆದ್ದದ್ದು ಹಿಮ ತಳ್ಳುವ ಹೊಸ ಲಾರಿಗೆ. ರಸ್ತೆ ಮೇಸ್ತ್ರಿ ಎದ್ದು, ರಸ್ತೆಗೆ ಎರಚುವ ಉಪ್ಪಿನಿಂದ ಹಳೇ ಲಾರಿಯ ಚಾಸಿ ತುಕ್ಕು ತಿಂದಿದೆ ಅಂದ. ಮಡಿಲಲ್ಲಿ ಉಣ್ಣೆ ಹೆಣಿಗೆ ಇಟ್ಟುಕೊಂಡಿದ್ದ ಅಜ್ಜಿಯೊಬ್ಬರು ಊರಿನ ವಾರ್ಷಿಕ ವರದಿ ತೆರೆದು, ಕಳೆದ ವರ್ಷ ಅದೇ ಲಾರಿಯ ರಿಪೇರಿಗೆ ಆದ ಖರ್ಚಿನ ಮೇಲೆ ಬೆರಳಿಟ್ಟರು. 'ಇಷ್ಟು ಸುರಿದ ಮೇಲೂ ಗುಜರಿಗೆ ಹಾಕೋದಾದರೆ ಆಗ ಸುರಿದದ್ದು ಯಾಕೆ?' ಮೇಸ್ತ್ರಿಯ ಮುಖ ಕೆಂಪಾಯಿತು. ಆದರೆ ನಿಯಮದ ಪ್ರಕಾರ ಇಬ್ಬರೂ ಮಾಡರೇಟರನ್ನೇ ನೋಡಿ ಮಾತಾಡಬೇಕು. ಎದುರಾಳಿಯ ಮುಖ ನೋಡದೆ ಬೈಯುವುದು ಎಷ್ಟು ಕಷ್ಟವೆಂದು ಅಲ್ಲಿ ಕಂಡೆ.

ಐವತ್ತು ನಿಮಿಷವಾಯಿತು. ಧ್ವನಿಮತದಲ್ಲಿ ಎರಡೂ ಕಡೆಯ ಸದ್ದು ಒಂದೇ. ಹಿಂದಿನ ಸಾಲಿನಿಂದ ಏಳು ಜನ ಎದ್ದು ನಿಂತರು. ಏಳು ಮತದಾರರು ಕೇಳಿದರೆ ಚೀಟಿ ಹಾಕಿಸಲೇಬೇಕು, ಅದು ಕಾನೂನು. ಲಾರಿ ಅಲ್ಪ ಅಂತರದಲ್ಲಿ ಪಾಸಾಯಿತು. ಮಧ್ಯಾಹ್ನ ಎಲ್ಲರೂ ಸೂಪಿಗೆ ಸಾಲು ನಿಂತರು.

ಊರವರೇ ಆರಿಸಿದವರ ಮೇಲೆ ಊರವರಿಗೇ ಇಷ್ಟು ಅನುಮಾನ! ಅಮೆರಿಕದ ಸರ್ಕಾರವೆಲ್ಲ ಈ ಅನುಮಾನದ ಮೇಲೇ ನಿಂತಿದೆಯೇನೋ. 1787ರಲ್ಲಿ ಸಂವಿಧಾನ ಬರೆದವರಲ್ಲಿ ಮುಖ್ಯನಾದ ಜೇಮ್ಸ್ ಮ್ಯಾಡಿಸನ್ ಅಧಿಕಾರಸ್ಥರ ಒಳ್ಳೆಯತನವನ್ನು ನಂಬಿ ಕೂರಲಿಲ್ಲ. ಒಬ್ಬನ ಅಧಿಕಾರದಾಸೆಗೆ ಇನ್ನೊಬ್ಬನ ಅಧಿಕಾರದಾಸೆಯನ್ನೇ ಅಡ್ಡ ಕಟ್ಟಿದ. ಕಾಂಗ್ರೆಸ್ಸಿನ ಮಸೂದೆಯನ್ನು ಅಧ್ಯಕ್ಷ ತಡೆಯಬಹುದು, ಮೂರನೇ ಎರಡರಷ್ಟು ಮತ ಬಿದ್ದರೆ ಆ ತಡೆಯೂ ಮುರಿಯುತ್ತದೆ.

ಆದರೂ ನನ್ನ ಕಣ್ಣು ನಮ್ಮ ಸಾಲಿನ ಮೇಲೇ. ಪ್ರತಿನಿಧಿಯಿಲ್ಲದೆ ತೆರಿಗೆಯಿಲ್ಲ ಎಂದು ಬ್ರಿಟಿಷರ ವಿರುದ್ಧ ಎದ್ದ ದೇಶ ಇದು. ಮಗಳು–ಅಳಿಯ ಹನ್ನೊಂದು ವರ್ಷದಿಂದ ವೀಸಾ ಮೇಲೆ ಇದ್ದಾರೆ, ಗ್ರೀನ್ ಕಾರ್ಡಿನ ಸಾಲು ಕರಗಿಲ್ಲ. ಮನೆ ತೆರಿಗೆ ಮಾತ್ರ ತಪ್ಪದೆ ಕಟ್ಟುತ್ತಾರೆ. ಇದೇ ರಾಜ್ಯದ ಮಾಂಟ್‌ಪೀಲಿಯರ್ ಮತ್ತು ವಿನೂಸ್ಕಿಯಲ್ಲಿ, ಕಾನೂನುಬದ್ಧವಾಗಿ ನೆಲೆಸಿರುವ ಪರದೇಶಿಯರಿಗೂ 2021ರಿಂದ ಸ್ಥಳೀಯ ಮತವಿದೆ. ರಾಜ್ಯಪಾಲರು ವೀಟೊ ಹಾಕಿದರು, ಶಾಸನಸಭೆ ಅದನ್ನು ತಳ್ಳಿಹಾಕಿತು. ಮಗಳ ಊರಿಗೆ ಅದಿನ್ನೂ ಬಂದಿಲ್ಲ.

ಮತ ಇದ್ದವರೆಲ್ಲ ಬಂದಿದ್ದರೇ? ಇಲ್ಲ. ತಲೆಗಳೆಲ್ಲ ಬೆಳ್ಳಗೆ. ಈ ಸಭೆಗೆಂದು ರಜೆ ಕೇಳಲು ಕಾನೂನಿದೆ, ಆದರೆ ಸಂಬಳವಿಲ್ಲದ ರಜೆ. ಹಾಗಾಗಿ ಎಷ್ಟೋ ಊರುಗಳು ಚರ್ಚೆಯ ಮತ ಬಿಟ್ಟು, ದಿನವಿಡೀ ಚೀಟಿ ಹಾಕುವ ಪದ್ಧತಿಗೆ ಹೊರಳಿವೆ. ಅಜ್ಜಿಯ ಪ್ರಶ್ನೆಗೆ ಅಲ್ಲಿ ಜಾಗವೆಲ್ಲಿ?

ವಾಪಸಾಗುವಾಗ ಮಣ್ಣಿನ ರಸ್ತೆಯಲ್ಲಿ ಚಕ್ರ ಹೂತುಕೊಳ್ಳುತ್ತಿತ್ತು. 'ಆ ಲಾರಿಗೆ ನಮ್ಮ ತೆರಿಗೆಯಲ್ಲಿ ಎಷ್ಟು ಹೋಗುತ್ತೆ ಅಂತ ಕೇಳಬೇಕಿತ್ತು' ಎಂದಳು ಮಗಳು.

'ಸಭೆ ಒಪ್ಪಿದರೆ ಮತ ಇಲ್ಲದವರೂ ಮಾತಾಡಬಹುದು ಅಂದರಲ್ಲ, ಕೇಳೋದಲ್ವೇನೇ?'

'ಎಲ್ಲರೂ ತಿರುಗಿ ನೋಡ್ತಾರಪ್ಪ' ಎಂದು ಅವಳು ಗೇರ್ ಬದಲಿಸಿದಳು.