ಎರಡು ಫುಟ್‌ಬಾಲ್ ಆಟಗಳು

ನಾವು ಫುಟ್‌ಬಾಲ್ ಅಥವಾ ಕಾಲ್ಚೆಂಡಾಟವೆಂದು ಕರೆಯುವ ಆಟವನ್ನು ಅಮೆರಿಕದ ಸಂಯುಕ್ತ ಸಂಸ್ಥಾನಗಳ ಜನರು ಸಾಕರ್ ಎನ್ನುತ್ತಾರೆ. ಅವರು ಫುಟ್‌ಬಾಲ್ ಎಂದು ಕರೆಯುವುದು ಬೇರೆಯೇ ಒಂದು ಆಟವನ್ನು. ಅದರ ಚೆಂಡು ದುಂಡಗಿರದೆ ಎರಡು ತುದಿಗಳಲ್ಲಿ ಚೂಪಾಗಿರುತ್ತದೆ. ಅದನ್ನು ಒದೆಯುವುದಕ್ಕಿಂತ ಕೈಯಲ್ಲಿ ಹಿಡಿದು ಓಡುವುದೂ ಎಸೆಯುವುದೂ ಹೆಚ್ಚು. ಈ ಎರಡರಲ್ಲಿ ದೇಹಕ್ಕೆ ಹೆಚ್ಚು ಕಠಿಣವಾದುದು ಯಾವುದು ಎಂಬ ವಾದ ಕ್ರೀಡಾಪ್ರಿಯರಲ್ಲಿ ಬಹುಕಾಲದಿಂದ ನಡೆದುಬಂದಿದೆ. ಐದು ಸೆಕೆಂಡು ಆಡಿ ಅರ್ಧ ನಿಮಿಷ ನಿಲ್ಲುವುದೂ ಒಂದು ಆಟವೇ ಎಂದು ಒಂದು ಪಕ್ಷದವರು ಹಾಸ್ಯ ಮಾಡಿದರೆ, ಮೈ ಸೋಕಿದ ಮಾತ್ರಕ್ಕೆ ನೆಲದ ಮೇಲೆ ಹೊರಳಾಡುವವರು ಕಷ್ಟದ ಮಾತನಾಡಬಾರದೆಂದು ಮತ್ತೊಂದು ಪಕ್ಷದವರು ಮರುನುಡಿಯುತ್ತಾರೆ. ಈ ವಾದ ಮುಗಿಯದಿರಲು ಕಾರಣವುಂಟು. ಕಷ್ಟವೆಂಬ ಒಂದೇ ಮಾತಿನೊಳಗೆ ದಣಿವು, ಪೆಟ್ಟು ಎಂಬ ಎರಡು ಬೇರೆ ಬೇರೆ ಸಂಗತಿಗಳು ಸೇರಿಕೊಂಡಿವೆ.

ಆಟಗಳೆರಡೂ ಒಂದೇ ಬಳ್ಳಿಯ ಕಾಯಿಗಳು. 1863ರಲ್ಲಿ ಲಂಡನ್ನಿನಲ್ಲಿ ಫುಟ್‌ಬಾಲ್ ಅಸೋಸಿಯೇಷನ್ ಸ್ಥಾಪನೆಯಾದಾಗ, ಚೆಂಡನ್ನು ಹಿಡಿದು ಓಡಬಹುದೆ, ಹಾಗೆ ಓಡುವವನ ಮೊಣಕಾಲಿನ ಕೆಳಗೆ ಒದ್ದು ಕೆಡವಬಹುದೆ ಎಂಬ ಪ್ರಶ್ನೆಗಳ ಮೇಲೆ ಬಿರುಸಾದ ಚರ್ಚೆ ನಡೆಯಿತು. ಕೂಡದೆಂದವರ ಆಟವೇ ಸಾಕರ್. ಅಸೋಸಿಯೇಷನ್ ಎಂಬ ಉದ್ದನೆಯ ಪದವನ್ನು ಇಂಗ್ಲೆಂಡಿನ ವಿದ್ಯಾರ್ಥಿಗಳು ಮೊಟಕುಗೊಳಿಸಿದುದರಿಂದ ಈ ಹೆಸರು ಹುಟ್ಟಿತು; ಅದು ಅಮೆರಿಕನ್ನರ ಸೃಷ್ಟಿಯಲ್ಲ. ಹಿಡಿದು ಓಡಬೇಕೆಂದವರ ಆಟ ರಗ್ಬಿಯಾಗಿ ಬೆಳೆಯಿತು. ಅಮೆರಿಕದ ಕಾಲೇಜುಗಳು 1869ರಲ್ಲಿ ಆಡಿದ ಮೊದಲ ಪಂದ್ಯ ಸಾಕರಿಗೇ ಸಮೀಪವಾಗಿತ್ತಾದರೂ ಮುಂದೆ ಅವು ರಗ್ಬಿಯತ್ತ ವಾಲಿದುವು. 1880ರಲ್ಲಿ ಯೇಲ್ ವಿಶ್ವವಿದ್ಯಾನಿಲಯದ ವಾಲ್ಟರ್ ಕ್ಯಾಂಪ್ ಎಂಬಾತನ ಸಲಹೆಯಂತೆ ಹೊಸ ನಿಯಮವೊಂದು ಜಾರಿಗೆ ಬಂದಿತು. ಚೆಂಡು ಒಂದು ಪಕ್ಷದ ವಶದಲ್ಲಿರುತ್ತದೆ. ಎರಡು ಪಕ್ಷದವರೂ ಎದುರುಬದುರಾಗಿ ಸಾಲುಗಟ್ಟಿ ನಿಲ್ಲುತ್ತಾರೆ. ಚೆಂಡು ಚಲಿಸಿದೊಡನೆ ಆಟ ಆರಂಭವಾಗಿ, ಅದನ್ನು ಹೊತ್ತವನು ನೆಲಕ್ಕುರುಳಿದೊಡನೆ ನಿಲ್ಲುತ್ತದೆ. ನೋಡುವುದಕ್ಕೆ ಸಣ್ಣ ಬದಲಾವಣೆ. ಆದರೆ ಅಮೆರಿಕದ ಫುಟ್‌ಬಾಲಿನ ಗುಣದೋಷಗಳೆಲ್ಲವೂ ಈ ನಿಲುಗಡೆಯಿಂದಲೇ ಹುಟ್ಟಿದುವೆಂದರೆ ತಪ್ಪಾಗದು.

ಮೊದಲು ದಣಿವನ್ನು ನೋಡೋಣ. ಸಾಕರ್ ಪಂದ್ಯದ ಅವಧಿ 90 ನಿಮಿಷ. ಸುಮಾರು 105 ಮೀಟರ್ ಉದ್ದದ ಮೈದಾನದಲ್ಲಿ ವೃತ್ತಿಪರ ಆಟಗಾರನೊಬ್ಬ 10ರಿಂದ 12 ಕಿಲೋಮೀಟರುಗಳಷ್ಟು ದೂರವನ್ನು ಕ್ರಮಿಸುತ್ತಾನೆ. ಅದು ಒಂದೇ ಹದದ ಓಟವಲ್ಲ. ನಡಿಗೆ, ಕುಲುಕುನಡೆ, ಬಿರುಸಿನ ಓಟ, ನೆಗೆತ, ಹಿಂಜರಿತ, ತಿರುವು ಹೀಗೆ ಒಂದು ಪಂದ್ಯದಲ್ಲಿ ಸಾವಿರಕ್ಕೂ ಮಿಕ್ಕಿ ಬಾರಿ ಅವನ ಚಲನೆ ಬದಲಾಗುತ್ತದೆ. ಗುಂಡಿಗೆ, ಶ್ವಾಸಕೋಶಗಳು ಬಹುಪಾಲು ಸಮಯ ತಮ್ಮ ಶಕ್ತಿಯ ಮೇಲಿನ ಅಂಚಿನಲ್ಲಿಯೇ ದುಡಿಯುತ್ತವೆ. ಸ್ನಾಯುಗಳಲ್ಲಿ ಶೇಖರವಾಗಿರುವ ಸಕ್ಕರೆಯ ದಾಸ್ತಾನು ಪಂದ್ಯದ ಕೊನೆಯ ಹೊತ್ತಿಗೆ ಬರಿದಾಗತೊಡಗುತ್ತದೆ. ಹೊರಗೆ ಹೋದವನು ಮತ್ತೆ ಒಳಗೆ ಬರುವಂತಿಲ್ಲ. ಬದಲಿ ಆಟಗಾರರ ಸಂಖ್ಯೆಗೂ ಮಿತಿಯುಂಟು.

ಇದರ ನಿದರ್ಶನಕ್ಕೆ 1994ರ ವಿಶ್ವಕಪ್ ಅಂತಿಮ ಪಂದ್ಯವನ್ನು ನೆನೆಯಬಹುದು. ಆ ಪಂದ್ಯ ನಡೆದುದು ಅಮೆರಿಕದಲ್ಲಿಯೇ. ಅದೂ ಕ್ಯಾಲಿಫೋರ್ನಿಯದ ಪ್ಯಾಸಡೀನ ನಗರದಲ್ಲಿ, ಅಮೆರಿಕದ ಫುಟ್‌ಬಾಲಿಗಾಗಿ ಹೆಸರಾದ ರೋಸ್ ಬೌಲ್ ಕ್ರೀಡಾಂಗಣದಲ್ಲಿ. ಜುಲೈ ತಿಂಗಳ ಸುಡುಬಿಸಿಲು. ಆಟ ಆರಂಭವಾದುದು ನಡುಮಧ್ಯಾಹ್ನ ಹನ್ನೆರಡೂವರೆಗೆ. ಬ್ರೆಜಿಲ್ ಮತ್ತು ಇಟಲಿ 120 ನಿಮಿಷಗಳ ಕಾಲ ಸೆಣಸಿದರೂ ಒಂದು ಗೋಲೂ ಆಗಲಿಲ್ಲ. ಎರಡು ತಂಡಗಳೂ ತಲಾ ಇಬ್ಬರು ಆಟಗಾರರನ್ನು ಮಾತ್ರ ಬದಲಾಯಿಸಿದ್ದುವು. ಉಳಿದವರು ಮೊದಲಿನಿಂದ ಕಡೆಯವರೆಗೆ ಬಿಸಿಲಿನಲ್ಲಿದ್ದರು. ಇಟಲಿಯ ನಾಯಕ ಫ್ರಾಂಕೊ ಬರೇಸಿ ಮೂರು ವಾರಗಳ ಹಿಂದಷ್ಟೆ ಮೊಣಕಾಲಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದವನು. ಪೂರ್ಣಾವಧಿ ಆಡಿ, ಕಾಲು ಸೆಡೆತುಕೊಂಡ ಸ್ಥಿತಿಯಲ್ಲಿಯೇ ಮೊದಲ ಪೆನಾಲ್ಟಿ ಒದೆಯಲು ಬಂದನು. ಚೆಂಡು ಗೋಲಿನ ಮೇಲೆ ಹಾರಿಹೋಯಿತು. ಅಂತಹ ಕುಶಲನ ಕಾಲು ಗುರಿ ತಪ್ಪಿತೆಂದರೆ ಅದು ಕೌಶಲದ ಕೊರತೆಯೆಂದು ಯಾರೂ ಹೇಳಲಾರರು.

ಅಮೆರಿಕದ ಫುಟ್‌ಬಾಲಿನಲ್ಲಿ ಗಡಿಯಾರದ ಲೆಕ್ಕಕ್ಕೆ 60 ನಿಮಿಷದ ಪಂದ್ಯ ಮುಗಿಯಲು ಮೂರು ಗಂಟೆ ಹಿಡಿಯುತ್ತದೆ. ಆದರೆ ಚೆಂಡು ನಿಜವಾಗಿ ಆಟದಲ್ಲಿರುವುದು ಸುಮಾರು 11 ನಿಮಿಷ ಮಾತ್ರ! ಪ್ರತಿಯೊಂದು ಸೆಣಸಾಟವೂ ಐದಾರು ಸೆಕೆಂಡುಗಳಲ್ಲಿ ಮುಗಿಯುತ್ತದೆ. ಇಷ್ಟು ಅಲ್ಪಕಾಲದ ದುಡಿಮೆಗೆ ಸ್ನಾಯುಗಳು ಉಸಿರಿನ ಗಾಳಿಯನ್ನು ಕಾಯುವುದಿಲ್ಲ. ತಮ್ಮಲ್ಲಿ ಸಿದ್ಧವಾಗಿರುವ ಶಕ್ತಿಯನ್ನು ಒಮ್ಮೆಗೇ ವೆಚ್ಚಮಾಡಿ, ನಂತರದ ಬಿಡುವಿನಲ್ಲಿ ಅದನ್ನು ತುಂಬಿಕೊಳ್ಳುತ್ತವೆ. ಕಬಡ್ಡಿಯಲ್ಲಿ ದಾಳಿ ಮಾಡಿ ಹಿಂದಿರುಗಿದವನನ್ನು ಕಂಡವರಿಗೆ ಈ ಬಗೆಯ ಶ್ರಮ ಅಪರಿಚಿತವಲ್ಲ. ಆಟಗಾರರನ್ನು ಎಷ್ಟು ಸಲ ಬೇಕಾದರೂ ಬದಲಾಯಿಸಬಹುದಾದ್ದರಿಂದ ಮುನ್ನುಗ್ಗುವುದಕ್ಕೆ ಒಂದು ತಂಡ, ತಡೆಯುವುದಕ್ಕೆ ಇನ್ನೊಂದು ತಂಡ. ಹಿಂದೆ ಹೀಗಿರಲಿಲ್ಲ. ವೃತ್ತಿಪರ ಆಟದಲ್ಲಿ ಈ ಅನಿರ್ಬಂಧಿತ ಬದಲಾವಣೆ ಸ್ಥಿರವಾದುದು 1950ರಲ್ಲಿ. ಅದಾದ ಹತ್ತು ವರ್ಷಗಳ ನಂತರವೂ, 1960ರ ಅಂತಿಮ ಪಂದ್ಯದಲ್ಲಿ, ಫಿಲಡೆಲ್ಫಿಯ ತಂಡದ ಚಕ್ ಬೆಡ್ನರಿಕ್ ಎರಡೂ ಪಾತ್ರಗಳನ್ನು ವಹಿಸಿ 60 ನಿಮಿಷಗಳಲ್ಲಿ 58 ನಿಮಿಷ ಮೈದಾನದಲ್ಲಿದ್ದನು. ಅಂಥವರು ಇಂದು ಬಹು ವಿರಳ. ಕೇವಲ ದಣಿವಿನ ಲೆಕ್ಕದಲ್ಲಿ ಸಾಕರೇ ಹೆಚ್ಚು ಕಠಿಣವೆಂಬುದರಲ್ಲಿ ನನಗೆ ಸಂದೇಹವಿಲ್ಲ.

ಆದರೆ ಬಿಡುವಿಗೂ ಒಂದು ಬೆಲೆಯಿದೆ. ಹತ್ತು ಕಿಲೋಮೀಟರು ಓಡಬೇಕಾದವನು ದಪ್ಪವಾಗಿರಲಾರ. ಐದು ಸೆಕೆಂಡು ನೂಕಬೇಕಾದವನು ಎಷ್ಟು ಭಾರವಿದ್ದರೆ ಅಷ್ಟು ಲೇಸು. ಹೀಗಾಗಿ ಸಾಕರ್ ಆಟಗಾರ ಸಾಮಾನ್ಯವಾಗಿ 70–80 ಕಿಲೋಗ್ರಾಂ ತೂಗಿದರೆ, ಅಮೆರಿಕದ ವೃತ್ತಿಪರ ತಂಡಗಳ ಮುಂಚೂಣಿಯವರಲ್ಲಿ 136 ಕಿಲೋಗ್ರಾಂ ಮೀರಿದವರು ಸರ್ವೇಸಾಧಾರಣ. ದಣಿಯದ ಈ ಭಾರಿ ದೇಹಗಳು ಪ್ರತಿ ಸಲವೂ ಹೊಸ ಹುರುಪಿನಿಂದ ಒಂದಕ್ಕೊಂದು ಅಪ್ಪಳಿಸುತ್ತವೆ. ವೇಗ ಇಮ್ಮಡಿಯಾದರೆ ಅಪ್ಪಳಿಕೆಯ ಶಕ್ತಿ ನಾಲ್ಮಡಿಯಾಗುವುದೆಂಬುದನ್ನು ವಿಜ್ಞಾನದ ಪಾಠದಲ್ಲಿ ಓದಿದ್ದೇವಷ್ಟೆ. ರಕ್ಷಣೆಗಾಗಿ ತೊಡುವ ಕವಚವೂ ನಿರಪಾಯವಲ್ಲ. ಅದು ಮೈಯ ಬಿಸಿಯನ್ನು ಹೊರಬಿಡುವುದಿಲ್ಲ. 2001ರ ಬೇಸಗೆಯಲ್ಲಿ ಮಿನೆಸೋಟ ತಂಡದ ಕೋರಿ ಸ್ಟ್ರಿಂಗರ್ ಎಂಬ 27 ವರ್ಷದ ಆಟಗಾರನು ಅಭ್ಯಾಸದ ವೇಳೆ ಉಷ್ಣಾಘಾತಕ್ಕೆ ತುತ್ತಾಗಿ ಮರುದಿನ ಮೃತನಾದನು.

ಪೆಟ್ಟಿನ ಚಿಂತೆ ಈ ಆಟಕ್ಕೆ ಹೊಸದಲ್ಲ. 1905ರ ಒಂದೇ ವರ್ಷದಲ್ಲಿ ಕನಿಷ್ಠ 18 ಮಂದಿ ಆಟಗಾರರು ಸತ್ತರೆಂದು ಪತ್ರಿಕೆಗಳು ಲೆಕ್ಕವಿಟ್ಟವು. ಆಟವನ್ನೇ ನಿಷೇಧಿಸಬೇಕೆಂಬ ಕೂಗೆದ್ದಿತು. ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಪ್ರಮುಖ ವಿಶ್ವವಿದ್ಯಾನಿಲಯಗಳ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆಸಿ ಮಾತನಾಡಿದನು. 1906ರಲ್ಲಿ ಚೆಂಡನ್ನು ಮುಂದಕ್ಕೆ ಎಸೆಯಲು ಅನುಮತಿ ದೊರೆತು, ಒಂದೇ ಕಡೆ ಗುಂಪುಗಟ್ಟಿ ನುಗ್ಗುವುದಕ್ಕೆ ಸ್ವಲ್ಪ ತಡೆಯಾಯಿತು. ಮುಂದೆ ಶಿರಸ್ತ್ರಾಣವೂ ಕಡ್ಡಾಯವಾಯಿತು. ಶಿರಸ್ತ್ರಾಣ ತಲೆಬುರುಡೆಯನ್ನೇನೋ ಕಾಪಾಡುತ್ತದೆ. ಆದರೆ ಬಲಿತ ತೆಂಗಿನಕಾಯನ್ನು ಕಿವಿಯ ಬಳಿ ಹಿಡಿದು ಅಲುಗಿಸಿ ನೋಡಿ. ಚಿಪ್ಪು ಎಷ್ಟೇ ಗಟ್ಟಿಯಾಗಿದ್ದರೂ ಒಳಗಿನ ನೀರು ಕುಲುಕದೆ ಇರುವುದಿಲ್ಲ. ಮಿದುಳಿನ ಸ್ಥಿತಿಯೂ ಬಹುಮಟ್ಟಿಗೆ ಹಾಗೆಯೇ.

2002ರಲ್ಲಿ ಪಿಟ್ಸ್‌ಬರ್ಗ್ ನಗರದಲ್ಲಿ ಮೈಕ್ ವೆಬ್‌ಸ್ಟರ್ ಎಂಬ ಪ್ರಖ್ಯಾತ ಆಟಗಾರ ತನ್ನ ಐವತ್ತನೆಯ ವಯಸ್ಸಿನಲ್ಲಿ ತೀರಿಕೊಂಡನು. ಸಾಲಿನ ನಡುವೆ ನಿಂತು ಹದಿನೇಳು ಋತುಗಳ ಕಾಲ ಡಿಕ್ಕಿಗಳನ್ನು ಎದುರಿಸಿದ್ದ ಆತ ಕೊನೆಗಾಲದಲ್ಲಿ ನೆನಪಿನ ಶಕ್ತಿ ಕುಂದಿ, ನೆಲೆಯಿಲ್ಲದೆ ಅಲೆದಿದ್ದನು. ನೈಜೀರಿಯ ಮೂಲದ ವೈದ್ಯ ಬೆನೆಟ್ ಒಮಾಲು ಅವನ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದಾಗ, ಹಿಂದೆ ಮುಷ್ಟಿಯುದ್ಧದವರಲ್ಲಿ ಕಂಡುಬಂದಿದ್ದ ಬಗೆಯ ಕ್ಷಯ ಅಲ್ಲಿತ್ತು. ಒಂದು ದೊಡ್ಡ ಪೆಟ್ಟಲ್ಲ, ಪ್ರಜ್ಞೆ ತಪ್ಪಿಸದ ಸಾವಿರಾರು ಸಣ್ಣ ಪೆಟ್ಟುಗಳು ಕೂಡಿಯೂ ಈ ಹಾನಿಯಾಗಬಲ್ಲುದೆಂದು ಈಗ ತಿಳಿದುಬಂದಿದೆ. ದಣಿವು ಒಂದು ರಾತ್ರಿಯ ನಿದ್ದೆಯಿಂದ, ಹೆಚ್ಚೆಂದರೆ ನಾಲ್ಕು ದಿನಗಳ ವಿಶ್ರಾಂತಿಯಿಂದ ಕಳೆಯುತ್ತದೆ. ಈ ಪೆಟ್ಟು ಆಡುವಾಗ ಕಷ್ಟವೆಂದು ತೋರುವುದೂ ಇಲ್ಲ. ಇಪ್ಪತ್ತು ವರ್ಷ ಕಳೆದ ಮೇಲೆ ತಲೆಯೆತ್ತುತ್ತದೆ. ಆದುದರಿಂದ ದೇಹ ತೆರುವ ಬೆಲೆಯನ್ನು ಕಷ್ಟವೆನ್ನುವುದಾದರೆ ತಕ್ಕಡಿ ಅಮೆರಿಕದ ಫುಟ್‌ಬಾಲಿನ ಕಡೆಗೆ ವಾಲುತ್ತದೆ.

ಸಾಕರಿನವರು ಇದರಿಂದ ನಿಶ್ಚಿಂತರಾಗಿರುವಂತಿಲ್ಲ. ಅಲ್ಲಿ ಚೆಂಡನ್ನು ತಲೆಯಿಂದ ಹೊಡೆಯುವುದುಂಟು. ಇಂಗ್ಲೆಂಡಿನ ಜೆಫ್ ಆಸ್ಲ್ 2002ರಲ್ಲಿ ಮೃತನಾದಾಗ, ಪದೇ ಪದೇ ಹಾಗೆ ಹೊಡೆದುದರಿಂದಾದ ಮಿದುಳಿನ ಹಾನಿಯನ್ನು ಮರಣವಿಚಾರಣೆಯ ಅಧಿಕಾರಿ ವೃತ್ತಿಯಿಂದ ಬಂದ ರೋಗವೆಂದೇ ನಿರ್ಣಯಿಸಿದನು. ಸ್ಕಾಟ್ಲೆಂಡಿನ ಮಾಜಿ ವೃತ್ತಿಪರ ಆಟಗಾರರು ಮಿದುಳು ನಶಿಸುವ ರೋಗಗಳಿಂದ ಸಾಯುವ ಸಂಭವ ಇತರರಿಗಿಂತ ಸುಮಾರು ಮೂರೂವರೆ ಪಟ್ಟು ಹೆಚ್ಚೆಂದು ಗ್ಲಾಸ್ಗೊ ವಿಶ್ವವಿದ್ಯಾನಿಲಯದ ಅಧ್ಯಯನ 2019ರಲ್ಲಿ ತಿಳಿಸಿತು. ಅದಕ್ಕೆ ತಲೆಹೊಡೆತವೊಂದೇ ಕಾರಣವೆಂದು ಆ ಅಧ್ಯಯನ ಸಾಧಿಸಿಲ್ಲವೆಂಬುದನ್ನೂ ಹೇಳಬೇಕು.

ಈಗ ಎರಡು ಆಟಗಳಲ್ಲಿಯೂ ನಿಯಮಗಳು ಮತ್ತೆ ಬದಲಾಗುತ್ತಿವೆ. ಅಮೆರಿಕದ ವೃತ್ತಿಪರ ಫುಟ್‌ಬಾಲಿನಲ್ಲಿ ಆಟದ ಆರಂಭದ ಒದೆತದ ವೇಳೆ ಎರಡು ಪಕ್ಷದವರೂ ದೂರದಿಂದ ಓಡಿಬಂದು ಢಿಕ್ಕಿಹೊಡೆಯುತ್ತಿದ್ದರು. 2024ರಿಂದ ಅವರಲ್ಲಿ ಬಹುಮಂದಿ ಕೆಲವೇ ಗಜಗಳ ಅಂತರದಲ್ಲಿ ನಿಂತು, ಚೆಂಡು ಬಂದು ಮುಟ್ಟುವವರೆಗೆ ಕದಲದೆ ಕಾಯಬೇಕು. ಅಮೆರಿಕದ ಸಾಕರ್ ಸಂಸ್ಥೆಯು ಹತ್ತು ವರ್ಷದೊಳಗಿನ ಮಕ್ಕಳು ತಲೆಯಿಂದ ಚೆಂಡು ಹೊಡೆಯುವುದನ್ನು 2015ರಲ್ಲಿಯೇ ನಿಲ್ಲಿಸಿತು. ಇಂಗ್ಲೆಂಡಿನಲ್ಲಿ 2021ರಿಂದ ವೃತ್ತಿಪರ ಆಟಗಾರರು ಅಭ್ಯಾಸದ ವೇಳೆ ವಾರಕ್ಕೆ ಹತ್ತಕ್ಕಿಂತ ಹೆಚ್ಚು ಸಲ ಬಲವಾಗಿ ತಲೆಯಿಂದ ಹೊಡೆಯಬಾರದೆಂದು ಸೂಚಿಸಲಾಗಿದೆ.