ಪದೇ ಪದೇ ನಿಲ್ಲುವ ಯಂತ್ರ: ಹಳೆಯ ಲ್ಯಾಪ್‌ಟಾಪಿನ ರೋಗನಿದಾನ

ಒಮ್ಮೆ ಕೆಟ್ಟು ಸುಮ್ಮನಾದ ಯಂತ್ರವನ್ನು ಪರೀಕ್ಷಿಸುವುದು ಅಷ್ಟೇನೂ ಕಷ್ಟವಲ್ಲ. ದೋಷವು ತಾನಿರುವಲ್ಲಿಯೇ ಇದ್ದು ನಮ್ಮ ಪರೀಕ್ಷೆಗೆ ಕಾದಿರುತ್ತದೆ. ಆದರೆ ಅರ್ಧ ಗಂಟೆ ಚೆನ್ನಾಗಿ ನಡೆದು, ಏಕಾಏಕಿ ನಿಂತು, ಮರಳಿ ಚಾಲನೆ ಮಾಡಿದೊಡನೆ ಏನೂ ಆಗಲಿಲ್ಲವೆಂಬಂತೆ ನಡೆಯತೊಡಗುವ ಯಂತ್ರವು ಎಂತಹ ಜಾಣನನ್ನೂ ಕಂಗೆಡಿಸುತ್ತದೆ. ಹಳೆಯ ಲ್ಯಾಪ್‌ಟಾಪುಗಳ ಕಾಯಿಲೆ ಬಹುಮಟ್ಟಿಗೆ ಈ ಎರಡನೆಯ ಬಗೆಯದು.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಕಾಲೇಜುಗಳಲ್ಲಿ ಓದುವ ಅನೇಕ ವಿದ್ಯಾರ್ಥಿಗಳ ಕೈಯಲ್ಲಿರುವುದು ಅಣ್ಣನೋ ಅಕ್ಕನೋ ಬಳಸಿ ಬಿಟ್ಟ, ಇಲ್ಲವೆ ಸೆಕೆಂಡ್ ಹ್ಯಾಂಡ್ ಆಗಿ ಕೊಂಡ ಯಂತ್ರ. ಅದು ಪದೇ ಪದೇ ನಿಲ್ಲತೊಡಗಿದರೆ ‘ಮದರ್‌ಬೋರ್ಡ್ ಹೋಗಿದೆ, ಹೊಸದನ್ನು ಕೊಳ್ಳಿ’ ಎಂಬ ಸಲಹೆ ಬೇಗನೆ ದೊರೆಯುತ್ತದೆ. ಆಲೂಗೆಡ್ಡೆಯನ್ನೋ ಶುಂಠಿಯನ್ನೋ ಬೆಳೆಯುವ ಸಣ್ಣ ಕುಟುಂಬಕ್ಕೆ ಹೊಸ ಯಂತ್ರದ ಬೆಲೆಯೆಂದರೆ ಒಂದು ಫಸಲಿನ ಉಳಿತಾಯವೇ ಆಗಬಹುದು. ಆದುದರಿಂದ ಆ ಮಾತನ್ನು ಒಪ್ಪುವ ಮುನ್ನ ದೋಷದ ನಿಜವಾದ ನೆಲೆಯನ್ನು ಹುಡುಕುವುದು ಉಚಿತ. ಇದಕ್ಕೆ ಬೇಕಾದ ವಿದ್ಯೆಯನ್ನು ನಾವು ಪ್ರಯೋಗಶಾಲೆಯಲ್ಲಿ ಆಗಲೇ ಕಲಿತಿದ್ದೇವೆ: ಕಂಡದ್ದನ್ನು ಬರೆದಿಡುವುದು, ಮತ್ತು ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸುವುದು.

ಮುಟ್ಟಲಾಗದ ಯಂತ್ರದ ದೋಷವನ್ನೂ ಈ ಕ್ರಮದಿಂದ ಅರಿಯಬಹುದೆಂಬುದಕ್ಕೆ ಹಾಸನದಲ್ಲಿಯೇ ನಿದರ್ಶನವಿದೆ. ಇಸ್ರೋ ಸಂಸ್ಥೆಯ ಪ್ರಧಾನ ನಿಯಂತ್ರಣ ಕೇಂದ್ರವು 1982ರಿಂದ ಅಲ್ಲಿ ಕೆಲಸ ಮಾಡುತ್ತಿದೆ. ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವ ಉಪಗ್ರಹಗಳನ್ನು ಯಾವ ತಂತ್ರಜ್ಞನೂ ಬಿಚ್ಚಿ ನೋಡಲಾರ. ಅವು ಕಳುಹಿಸುವ ಉಷ್ಣತೆ, ವಿದ್ಯುತ್ತು, ದಿಕ್ಕು ಮುಂತಾದವುಗಳ ಅಂಕಿಗಳನ್ನು ನೋಡಿಯೇ ದೋಷವನ್ನು ಊಹಿಸಬೇಕು. ಆ ಅಂಕಿಗಳು ನಿಂತರೆ ನಿದಾನವೂ ನಿಲ್ಲುತ್ತದೆ. 2018ರ ಮಾರ್ಚ್ 29ರಂದು ಉಡಾಯಿಸಿದ ಜಿಸ್ಯಾಟ್-6ಎ ಉಪಗ್ರಹವು ಎರಡನೆಯ ಕಕ್ಷಾ ಏರಿಕೆಯ ತರುವಾಯ ಸಂಪರ್ಕ ಕಡಿದುಕೊಂಡಿತು. ಮುಂದೆ ಅದನ್ನು ಉಪಯೋಗಕ್ಕೆ ತರಲಾಗಲಿಲ್ಲ.

ಇದರಿಂದ ನಾವು ಕಲಿಯಬೇಕಾದ ಮೊದಲನೆಯ ಪಾಠವೆಂದರೆ, ಯಂತ್ರವು ಇನ್ನೂ ಮಾತನಾಡುತ್ತಿರುವಾಗಲೇ ಅದರೊಳಗಿನ ಬರಹ, ಚಿತ್ರ, ಪ್ರಾಜೆಕ್ಟ್ ವರದಿಗಳನ್ನು ಬೇರೊಂದು ಪೆನ್‌ಡ್ರೈವಿಗೆ ಇಲ್ಲವೆ ಡಿಸ್ಕಿಗೆ ನಕಲು ಮಾಡಿಡಬೇಕು. ಯಂತ್ರವನ್ನು ಮರಳಿ ಕೊಳ್ಳಬಹುದು. ಎರಡು ವರ್ಷದ ಟಿಪ್ಪಣಿಗಳನ್ನು ಕೊಳ್ಳಲಾಗದು.

ಅನಂತರ ಒಂದು ನೋಟ್‌ಪುಸ್ತಕ ತೆಗೆದುಕೊಳ್ಳಿ. ಯಂತ್ರ ನಿಂತ ಹೊತ್ತು, ಎಷ್ಟು ನಿಮಿಷ ನಡೆದಿತ್ತು, ಆಗ ಯಾವ ಕೆಲಸ ನಡೆಯುತ್ತಿತ್ತು, ಚಾರ್ಜರ್ ಹಾಕಿತ್ತೇ ಇಲ್ಲವೇ, ಹೇಗೆ ನಿಂತಿತು ಎಂಬ ಐದು ಸಂಗತಿಗಳನ್ನು ಪ್ರತಿ ಸಲವೂ ಬರೆಯಿರಿ. ಕೊನೆಯದು ಬಹು ಮುಖ್ಯ. ನೀಲಿ ಪರದೆಯೂ ಒಂದು ಸಂಕೇತವೂ ಕಾಣಿಸಿಕೊಂಡರೆ, ತಪ್ಪು ನಡೆದುದು ವಿಂಡೋಸಿನ ಅರಿವಿಗೆ ಬಂದಿದೆ ಎಂದರ್ಥ. ದೀಪ ಆರಿದಂತೆ ಒಮ್ಮೆಲೇ ನಿಂತರೆ ಅದಕ್ಕೆ ಬರೆದುಕೊಳ್ಳಲು ಅವಕಾಶವೇ ಸಿಗಲಿಲ್ಲ. ಆಗ ಶಾಖವನ್ನೂ ವಿದ್ಯುತ್ತನ್ನೂ ಮೊದಲು ಶಂಕಿಸಬೇಕು. ವಿಂಡೋಸಿನ ‘ಈವೆಂಟ್ ವ್ಯೂವರ್’ನಲ್ಲಿ ‘ಕರ್ನಲ್-ಪವರ್ 41’ ಎಂಬ ನಮೂದನ್ನು ಕಂಡು ಹಲವರು ಅದೇ ಕಾರಣವೆಂದು ತಿಳಿಯುತ್ತಾರೆ. ಯಂತ್ರವು ಕ್ರಮವಾಗಿ ಮುಚ್ಚದೆ ನಿಂತಿತೆಂದು ಮಾತ್ರ ಅದು ಹೇಳುತ್ತದೆ. ಏಕೆ ನಿಂತಿತೆಂದು ಹೇಳುವುದಿಲ್ಲ.

ಈಗ ಶಾಖದ ವಿಷಯ. ಹೊಳೆನರಸೀಪುರದ ಒಬ್ಬ ವಿದ್ಯಾರ್ಥಿನಿಯ ಯಂತ್ರವು ವಿಡಿಯೋ ಪಾಠ ನೋಡುವಾಗ ಇಪ್ಪತ್ತು ನಿಮಿಷಕ್ಕೆ ನಿಲ್ಲುತ್ತದೆ, ಬರೆಯುವಾಗ ನಿಲ್ಲುವುದಿಲ್ಲ ಎಂದು ಭಾವಿಸೋಣ. ಪ್ರೊಸೆಸರಿನ ಉಷ್ಣತೆಯು ಸುಮಾರು 100 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಅದು ಮೊದಲು ತನ್ನ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಅದೂ ಸಾಲದಾದರೆ ತನ್ನನ್ನು ಕಾಪಾಡಿಕೊಳ್ಳಲು ಯಂತ್ರವನ್ನೇ ನಿಲ್ಲಿಸುತ್ತದೆ. ಆ ಶಾಖವು ತಾಮ್ರದ ಕೊಳವೆಯ ಮೂಲಕ ಫ್ಯಾನಿನ ಬಳಿಗೆ ಸಾಗಬೇಕು. ಪ್ರೊಸೆಸರಿಗೂ ತಾಮ್ರಕ್ಕೂ ನಡುವೆ ಹಚ್ಚಿರುವ ಲೇಪವು ವರ್ಷಗಳು ಕಳೆದಂತೆ ಒಣಗಿ ಬಿರಿಯುತ್ತದೆ, ಬಿರುಕಿನಲ್ಲಿ ಗಾಳಿ ಸೇರುತ್ತದೆ. ತಾಮ್ರದ ಉಷ್ಣವಾಹಕತೆಯು ಗಾಳಿಯದಕ್ಕಿಂತ ಸುಮಾರು ಹದಿನೈದು ಸಾವಿರ ಪಟ್ಟು ಹೆಚ್ಚು ಎಂಬುದನ್ನು ನೆನೆದರೆ ಕೂದಲೆಳೆಯಷ್ಟು ಬಿರುಕೂ ಎಂತಹ ಅಡ್ಡಗೋಡೆಯೆಂಬುದು ತಿಳಿಯುತ್ತದೆ. ಇದರ ಮೇಲೆ ರಾಗಿ ಒಕ್ಕುವ ಕಣದ ಹೊಟ್ಟೋ ತೆಂಗಿನ ನಾರಿನ ಪುಡಿಯೋ ಗಾಳಿಯ ದಾರಿಯನ್ನು ಮುಚ್ಚಿದರೆ ಹೇಳುವುದೇನು!

ಪರೀಕ್ಷೆ ಸರಳ. ಯಂತ್ರವನ್ನು ಹಾಸಿಗೆಯಿಂದ ಎತ್ತಿ ಗಟ್ಟಿ ಮೇಜಿನ ಮೇಲಿಟ್ಟು, ಹಿಂಬದಿಯನ್ನು ಎರಡು ಬೆರಳು ಎತ್ತರಿಸಿ, ಅದೇ ವಿಡಿಯೋ ನಡೆಸಿ. ಇಪ್ಪತ್ತು ನಿಮಿಷ ನಲವತ್ತಾದರೆ ಕಾರಣ ಶಾಖವೆಂದು ಬಹುಮಟ್ಟಿಗೆ ನಿಶ್ಚಯಿಸಬಹುದು. ಧೂಳು ತೆಗೆದು ಲೇಪವನ್ನು ಬದಲಿಸುವ ವೆಚ್ಚವು ಹೊಸ ಯಂತ್ರದ ಬೆಲೆಯ ಅಲ್ಪಾಂಶ ಮಾತ್ರ.

ಎರಡನೆಯದು ವಿದ್ಯುತ್ತು. ಅರಕಲಗೂಡಿನ ಒಬ್ಬ ವಿದ್ಯಾರ್ಥಿಯ ಯಂತ್ರವು ಬ್ಯಾಟರಿಯಲ್ಲಿ ನಾಲ್ಕನೆಯ ಒಂದು ಪಾಲು ಉಳಿದಿದೆಯೆಂದು ತೋರಿಸುತ್ತಿರುವಾಗಲೇ ಆರಿಹೋಗುತ್ತದೆ ಎನ್ನೋಣ. ಮೂರು ಕೋಶಗಳ ಬ್ಯಾಟರಿಯ ವೋಲ್ಟೇಜು ಸುಮಾರು 11 ವೋಲ್ಟ್. ಭಾರವಾದ ಕೆಲಸ ಬಂದಾಗ 4 ಆಂಪಿಯರ್ ಪ್ರವಾಹ ಬೇಕೆಂದಿಟ್ಟುಕೊಳ್ಳಿ. ಆಂತರಿಕ ರೋಧವು ಹೊಸದರಲ್ಲಿ 0.1 ಓಮ್ ಇದ್ದರೆ ಒಳಗೆ ನಷ್ಟವಾಗುವುದು 0.4 ವೋಲ್ಟ್ ಮಾತ್ರ. ವಯಸ್ಸಾಗಿ ರೋಧವು 0.6 ಓಮಿಗೆ ಏರಿದರೆ ನಷ್ಟ 2.4 ವೋಲ್ಟ್, ಉಳಿಯುವುದು 9 ವೋಲ್ಟಿಗಿಂತ ಕಡಿಮೆ. ಅಷ್ಟು ತಗ್ಗಿದೊಡನೆ ರಕ್ಷಣಾ ಮಂಡಲವು ಬ್ಯಾಟರಿಯನ್ನು ಕಡಿದುಹಾಕಬಹುದು. ಓಮನ ನಿಯಮವು ಪರೀಕ್ಷೆಗೆ ಮಾತ್ರ ಎಂದು ತಿಳಿದವರು ಇದನ್ನು ಗಮನಿಸಬೇಕು. ಬ್ಯಾಟರಿ ಬಿಚ್ಚಲು ಬರುವಂತಹ ಯಂತ್ರವಾದರೆ ಅದನ್ನು ತೆಗೆದು ಬರಿಯ ಚಾರ್ಜರಿನಲ್ಲಿ ನಡೆಸಿ ನೋಡಿ. ಬ್ಯಾಟರಿ ಊದಿಕೊಂಡಿದ್ದರೆ ಮಾತ್ರ ಯಾವ ಪ್ರಯೋಗವೂ ಬೇಡ. ಅದನ್ನು ಒತ್ತುವುದಾಗಲಿ ಚುಚ್ಚುವುದಾಗಲಿ ಬೆಂಕಿಗೆ ಕಾರಣವಾದೀತು. ಬಳಕೆ ನಿಲ್ಲಿಸಿ ತಿಳಿದವರಿಂದ ತೆಗೆಸಬೇಕು.

ಮೂರನೆಯದು ಸ್ಮರಣೆ, ಎಂದರೆ ರ್‍ಯಾಮ್. ಚನ್ನರಾಯಪಟ್ಟಣದ ಇನ್ನೊಬ್ಬರ ಯಂತ್ರದಲ್ಲಿ ನೀಲಿ ಪರದೆ ಬರುತ್ತದೆ, ಪ್ರತಿ ಸಲವೂ ಬೇರೆ ಬೇರೆ ಸಂಕೇತದೊಡನೆ, ಬೇರೆ ಬೇರೆ ಕೆಲಸದ ನಡುವೆ. ಕಾರಣವು ಹೀಗೆ ಅಲೆಯುತ್ತಿದ್ದರೆ ರ್‍ಯಾಮನ್ನು ಶಂಕಿಸಬೇಕು. ಅದರ ಪ್ರತಿಯೊಂದು ಕೋಶವೂ ಹತ್ತಾರು ಸಾವಿರ ಎಲೆಕ್ಟ್ರಾನುಗಳನ್ನು ಹಿಡಿದಿಡುವ ಅತಿಸೂಕ್ಷ್ಮ ಕೆಪಾಸಿಟರು. ಆ ಆವೇಶ ಸೋರುತ್ತಲೇ ಇರುವುದರಿಂದ ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ ಎಲ್ಲ ಕೋಶಗಳನ್ನೂ ಮರಳಿ ತುಂಬಬೇಕು. ದುರ್ಬಲವಾದ ಒಂದು ಕೋಶವು ಅಷ್ಟರೊಳಗೆ ಬರಿದಾದರೆ 1 ಎಂಬುದು 0 ಆಗುತ್ತದೆ. ಅದರಲ್ಲಿ ಇಂದು ಚಿತ್ರದ ಒಂದು ಚುಕ್ಕಿಯಿದ್ದರೆ ನಮಗೆ ತಿಳಿಯುವುದೇ ಇಲ್ಲ; ನಾಳೆ ವಿಂಡೋಸಿನ ಒಂದು ಆಜ್ಞೆಯಿದ್ದರೆ ಯಂತ್ರ ಕುಸಿಯುತ್ತದೆ. ‘ಮೆಮ್‌ಟೆಸ್ಟ್’ ಜಾತಿಯ ಪರೀಕ್ಷೆಯನ್ನು ರಾತ್ರಿಯೆಲ್ಲ ನಡೆಸಿ. ಎರಡು ರ್‍ಯಾಮ್ ಪಟ್ಟಿಗಳಿದ್ದರೆ, ಯಂತ್ರವನ್ನು ಪೂರ್ತಿ ಆರಿಸಿ, ಒಂದೊಂದನ್ನೇ ಇಟ್ಟು ನೋಡಿ.

ಇಷ್ಟರಲ್ಲಿಯೂ ದೋಷ ಸಿಗದಿದ್ದರೆ ಪೆನ್‌ಡ್ರೈವಿನಿಂದಲೇ ನಡೆಯುವ ಲಿನಕ್ಸನ್ನು ಹಾಕಿ ಒಂದೆರಡು ದಿನ ಅದೇ ಕೆಲಸಗಳನ್ನು ಮಾಡಿ. ಅಲ್ಲಿಯೂ ನಿಂತರೆ ದೋಷವು ಯಂತ್ರದ ಅಂಗಗಳಲ್ಲಿದೆ. ಅಲ್ಲಿ ನಿಲ್ಲದೆ ನಡೆದರೆ ವಿಂಡೋಸನ್ನು, ಅದರ ಡ್ರೈವರುಗಳನ್ನು, ಅಥವಾ ಈ ಪ್ರಯೋಗದಲ್ಲಿ ಬಳಕೆಯಾಗದ ಒಳಡಿಸ್ಕನ್ನು ಶಂಕಿಸಬೇಕು. ಡಿಸ್ಕಿನ ಆರೋಗ್ಯವನ್ನು ಅದೇ ಇಡುವ ‘ಸ್ಮಾರ್ಟ್’ ದಾಖಲೆಯಲ್ಲಿ ನೋಡಬಹುದು. ಕೆಟ್ಟ ಭಾಗಗಳ ಎಣಿಕೆ ವಾರದಿಂದ ವಾರಕ್ಕೆ ಏರುತ್ತಿದ್ದರೆ ಡಿಸ್ಕಿನ ಬದಲಾವಣೆಗೆ ಕಾಲ ಬಂದಿದೆ.

ಪರೀಕ್ಷೆಯನ್ನು ಈ ಕ್ರಮದಲ್ಲಿಯೇ ಏಕೆ ಮಾಡಬೇಕು? ಒಂದು ದೋಷವು ಇನ್ನೊಂದನ್ನು ಹುಟ್ಟಿಸುತ್ತದೆ. ಶಾಖದಿಂದ ಹತ್ತು ಸಲ ಆರಿದ ಯಂತ್ರದಲ್ಲಿ ಅರ್ಧ ಬರೆದ ಕಡತಗಳು ಕೆಟ್ಟಿರುತ್ತವೆ. ಆ ಕಡತಗಳಿಂದಾಗಿ ಹನ್ನೊಂದನೆಯ ಸಲ ಅದು ತಣ್ಣಗಿರುವಾಗಲೂ ನಿಲ್ಲುತ್ತದೆ. ಇದನ್ನರಿಯದೆ ಮೊದಲೇ ವಿಂಡೋಸನ್ನು ಹೊಸದಾಗಿ ಹಾಕಿದವರು ಒಂದು ವಾರ ನೆಮ್ಮದಿಯಿಂದಿದ್ದು ಮತ್ತೆ ಅದೇ ಕಷ್ಟಕ್ಕೆ ಬೀಳುತ್ತಾರೆ. ಮೊದಲು ಅಂಗಗಳು, ಆಮೇಲೆ ತಂತ್ರಾಂಶ.

ಎಲ್ಲ ಯಂತ್ರಗಳೂ ಹೀಗೆ ಬದುಕಿಯಾವೆಂದು ಹೇಳಲಾಗದು. ಮದರ್‌ಬೋರ್ಡಿನ ಬೆಸುಗೆ ಬಿಟ್ಟಿರುವುದೂ ಉಂಟು. ಆಗಲೂ ನಿಮ್ಮ ಶ್ರಮ ವ್ಯರ್ಥವಾಗುವುದಿಲ್ಲ: ನಿಮ್ಮ ಬರಹಗಳು ಸುರಕ್ಷಿತವಾಗಿರುತ್ತವೆ, ಒಳ್ಳೆಯ ಡಿಸ್ಕೂ ರ್‍ಯಾಮೂ ಹೊಂದುವ ಇನ್ನೊಂದು ಯಂತ್ರಕ್ಕೆ ಒದಗುತ್ತವೆ. ರಿಪೇರಿಯ ಅಂಗಡಿಗೆ ಹೋಗುವಾಗ ಆ ನೋಟ್‌ಪುಸ್ತಕವನ್ನು ಒಯ್ಯಿರಿ. ‘ಸುಮ್ಮಸುಮ್ಮನೆ ನಿಲ್ಲುತ್ತದೆ’ ಎಂಬ ದೂರಿಗಿಂತ ‘ಚಾರ್ಜರಿನಲ್ಲಿ ನಿಲ್ಲುವುದಿಲ್ಲ, ಬ್ಯಾಟರಿಯಲ್ಲಿ ನಾಲ್ಕು ಸಲ ನಿಂತಿದೆ’ ಎಂಬ ಒಂದು ಸಾಲು ರಿಪೇರಿ ಮಾಡುವವರ ಅರ್ಧ ದಿನವನ್ನೂ ನಿಮ್ಮ ತಂದೆತಾಯಿಗಳ ಹಣವನ್ನೂ ಉಳಿಸೀತು.